ಮಡಚುವ ಪಾಲ

ಒಂಬತ್ತು ತುಂಡು, ಮೂವತ್ತಾರು ಪಿನ್ನು,
ಎರಡು ಸರಪಳಿ, ಒಂದು ರೋಲರು.
ಮಡಿಕೇರಿ ಗೋದಾಮಿನ ಪುಸ್ತಕದಲ್ಲಿ ಇದಕ್ಕೆ ಹೆಸರಿಲ್ಲ;
'ಏಣಿ, ಇತರೆ' ಎಂಬ ಕಾಲಮ್ಮಿನಲ್ಲಿ ಬರೆದಿದ್ದಾರೆ.
ತಗೊಂಡೆ ಎಂದು ನಾನು ಸಹಿ ಹಾಕಬೇಕು,
ತಂದಿಟ್ಟೆ ಎಂದು ಮತ್ತೆ ಸಹಿ ಹಾಕಬೇಕು.
ನಡುವೆ ದಾಟಿದವರ ಲೆಕ್ಕ ಯಾರೂ ಕೇಳುವುದಿಲ್ಲ.

ಕಕ್ಕಡದ ಮೂರನೇ ದಿನ, ಗಾಳಿಬೀಡಿನಾಚೆ
ಬೈನೆಕೊಲ್ಲಿಯ ಸಂಕ ಹೋಯಿತೆಂದು ಫೋನು.
ಜೀಪು ಹೋಗುವಷ್ಟು ಹೋಗಿ ನಿಂತಿತು.
ಆಮೇಲೆ ಹೆಗಲು.
ಒಂದೊಂದು ತುಂಡು ಇಪ್ಪತ್ತೆರಡು ಕಿಲೋ,
ಏಲಕ್ಕಿ ಗಿಡಗಳ ನಡುವೆ ಜಾರುತ್ತ, ಬೈಯುತ್ತ,
ಅಲ್ಯೂಮಿನಿಯಂ ಮೇಲೆ ಮಳೆ ತಟ್ಟೆ ಬಡಿದಂತೆ ಬಡಿಯುತ್ತ,
ಕಾಲಿಗೆ ಜಿಗಣೆ, ಕಿವಿಗೆ ವೆಲ್ಡರ್ ಹಂಸನ ಮಾಪಿಳ್ಳೆ ಹಾಡು.

ಕೊಲ್ಲಿಯಲ್ಲಿ ನೀರು ಮಣ್ಣನ್ನು ಅಗಿಯುತ್ತಿತ್ತು.
ದಡದಲ್ಲಿ ಚೋಂದವ್ವ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ.
'ಮಡಚುವುದು ಕೊಡೆ. ಮಡಚುವುದು ಚಾಪೆ.
ಪಾಲ ಮಡಚುತ್ತದೆಯೇ?' ಎಂದಳು.
ಗಂಡ ಇದ್ದಾಗ ವರ್ಷವರ್ಷ ಬೈನೆಯ ಕಾಂಡ ಹಾಕುತ್ತಿದ್ದನಂತೆ,
ಬಿದಿರಿನ ಕೈಹಿಡಿ.
ಬಿದಿರು ಹೂಬಿಟ್ಟು ಸತ್ತ ವರ್ಷದಿಂದ ಕೈಹಿಡಿಯೂ ಇಲ್ಲ.
'ಅದು ಕೊಳೆಯುತ್ತಿತ್ತು, ಅದಕ್ಕೇ ನಂಬಿಕೆ.
ಇದು ಕೊಳೆಯುವುದೇ ಇಲ್ಲವಂತಲ್ಲ!'

ಈ ಪಾಲದ ಗುಟ್ಟು ಇಷ್ಟೇ:
ಆಚೆ ದಡದಲ್ಲಿ ಹಿಡಿಯಲು ಯಾರೂ ಇರುವುದಿಲ್ಲ.
ಈಚೆಯಿಂದಲೇ ತಳ್ಳಬೇಕು, ತುಂಡಿಗೆ ತುಂಡು ಸೇರಿಸಿ,
ರೋಲರಿನ ಮೇಲೆ, ಬರೀ ಗಾಳಿಯೊಳಕ್ಕೆ.
ಮೂತಿ ಮುಂದೆ ಹೋದಷ್ಟೂ ಬಾಲದ ಮೇಲೆ ಭಾರ ಬೇಕು,
ಇಲ್ಲದಿದ್ದರೆ ನೀರು ಕುಡಿಯುವ ದನದ ಹಾಗೆ ಬಗ್ಗುತ್ತದೆ.
ಆವತ್ತು ಉತ್ತಯ್ಯನಿಗೆ ಜ್ವರ; ಒಬ್ಬ ಕಮ್ಮಿ.
ಹಂಸ ಹತ್ತಿದ, ಲೈನುಮನೆಯ ಎರವರ ಚಾತ ಹತ್ತಿದ,
ಶಾಲೆ ಮಕ್ಕಳು ಮೂವರು ಚೀಲದ ಸಮೇತ ಹತ್ತಿದರು.
ಮೂತಿ ಇನ್ನೂ ಗೇಣು ಕೆಳಗೆ.

'ಅವ್ವಾ, ದಾಟುವುದು ಬೇಡ. ಸುಮ್ಮನೆ ಕೂತರೆ ಸಾಕು.'
ಚೋಂದವ್ವ ನನ್ನನ್ನು ನೋಡಿದಳು,
ಸಂತೆಯಲ್ಲಿ ತಕ್ಕಡಿ ನೋಡುವ ಹಾಗೆ.
ಬಂದು ಕೂತಳು. ಕೊಲ್ಲಿಗೆ ಬೆನ್ನು ಹಾಕಿ.
ಎಲೆಗೆ ಸುಣ್ಣ ಹಚ್ಚಿದಳು.
ಮೂತಿ ಎದ್ದಿತು.

ಹತ್ತೊಂಬತ್ತು ನಿಮಿಷ, ವಾಚಿನಲ್ಲಿ ನೋಡಿದ್ದೇನೆ.
ಮೊದಲು ದಾಟಿದ್ದು ನಾಯಿ, ಆಮೇಲೆ ಮಕ್ಕಳು,
ಆಮೇಲೆ ಮೊಟ್ಟೆಯ ಟ್ರೇ ಹಿಡಿದ ಅಂಗನವಾಡಿ ಟೀಚರು, ಉಸಿರು ಕಟ್ಟಿ.
ಚೋಂದವ್ವ ದಾಟಲಿಲ್ಲ.
ಏಳುವಾಗ 'ಬೆಂಚು ಒಳ್ಳೇದುಂಟು' ಅಂದಳು.

ತುಲಾ ಸಂಕ್ರಮಣ ಕಳೆದು, ಕೊಲ್ಲಿ ಮೊಣಕಾಲಿಗೆ ಇಳಿದ ಮೇಲೆ
ಬಿಚ್ಚಲು ಹೋದೆವು.
ಮಕ್ಕಳು ಹಿಡಿಯುವ ಕೆಳಗಿನ ಕಂಬಿಯ ಅಡಿಮಗ್ಗುಲಲ್ಲಿ,
ಮಳೆ ತಾಗದ ಕಡೆ, ಬಿಳಿ ಬಿಳಿ ಚುಕ್ಕೆ.
ಹಕ್ಕಿ ಹಿಕ್ಕೆ ಎಂದುಕೊಂಡೆ.
ಉಗುರಿನಿಂದ ಕೆರೆದರೆ ಸುಣ್ಣ.

ಮೊದಲ ತುಂಡಿನಲ್ಲಿ ಒತ್ತೊತ್ತಾಗಿ, ಹದಿನೇಳೋ ಹದಿನೆಂಟೋ.
ಮೂರನೆಯದರಲ್ಲಿ ಐದಾರು.
ಐದನೆಯದರ ನಡುವೆ, ಕೊಲ್ಲಿ ಅತಿ ಜೋರಾಗಿ ಕೂಗುವಲ್ಲಿ,
ಒಂದೇ ಜಾಗಕ್ಕೆ ಮತ್ತೆ ಮತ್ತೆ ಒರೆಸಿದ ದಪ್ಪ ಹೆಪ್ಪು.
ಅಲ್ಲಿ ನಿಂತಿದ್ದಾಳೆ. ಹಿಂದಿರುಗಿದ್ದಾಳೆ.
ಒಂಬತ್ತನೆಯದರ ತುದಿಗೆ ಒಂದೇ ಒಂದು ಚುಕ್ಕೆ.
ಯಾರೂ ನೋಡಿಲ್ಲವಂತೆ. ಅವಳನ್ನೇ ಕೇಳಿದರೆ,
'ನಾನಾ? ಆ ಬೆಂಚಿನ ಮೇಲಾ?'

ಗೋದಾಮಿಗೆ ಒಪ್ಪಿಸುವ ಮುಂಚೆ ತೊಳೆದು ಒರೆಸಬೇಕೆಂದು ನಿಯಮ.
ಮಣ್ಣು ತೊಳೆದೆ. ಸಹಿ ಹಾಕಿದೆ.

ಈ ವರ್ಷ ಸೂರ್ಲಬ್ಬಿ ಕಡೆ, ಬೇರೆ ಕೊಲ್ಲಿ, ಬೇರೆ ಜನ.
ಕತ್ತಲಲ್ಲಿ ಅವಸರಕ್ಕೆ ಜೋಡಿಸಿದ್ದು; ತುಂಡುಗಳು ಅದಲುಬದಲು.
ಬೆಳಕು ಹರಿದ ಮೇಲೆ ಟಾರ್ಚು ಆರಿಸಿ
ಬಗ್ಗಿ ಕೆಳಗಿನ ಕಂಬಿ ನೋಡುತ್ತೇನೆ:
ಮೊದಲ ಹೆಜ್ಜೆಗೇ ಆಚೆ ದಡ ಮುಟ್ಟಿ,
ನಡುನೀರಿನ ಮೇಲೆ ಹದಿನೆಂಟು ಸಲ ಆರಾಮಾಗಿ ಓಡಾಡಿ,
ಕೊನೆಯ ತುಂಡಿಗೆ ಬಂದು, ಇನ್ನೇನು ನೆಲ ಎನ್ನುವಲ್ಲಿ
ಹೆದರಿ ನಿಂತಿದ್ದಾಳೆ ಚೋಂದವ್ವ.