ಓಬುಳಮ್ಮನ ಸಾಲು

ಮೊದಲ ರಾತ್ರಿ ಎಲ್ಲರನ್ನೂ ಒಟ್ಟಿಗೇ ಕರೆದೆ.
ಒಂದೇ ಗೆರೆಯ ಕೋಡು:
ಬಾಕಿ ಇರುವವರೆಲ್ಲ ಬನ್ನಿ.

ಬಂದರು.
ಹದಿನೆಂಟು ಸಾವಿರದ ಇನ್ನೂರ ನಲವತ್ತು ಪೌರಕಾರ್ಮಿಕರು,
ಒಬ್ಬೊಬ್ಬರ ಬೆನ್ನಿಗೂ ಮೂರು ವರ್ಷದ ಹಾಜರಿ, ಕಡಿತ, ಬದಲಿ ದಿನ;
ಟೇಬಲ್ಲಿನಲ್ಲಿ ಒಣಗಿ ಮಲಗಿದ್ದ ಸಾಲುಗಳು
ಓಆರ್‌ಎಂ ಊದಿದ ಉಸಿರಿಗೆ ಮೈ ತುಂಬಿಕೊಂಡು
ಮೆಮೊರಿಯೊಳಗೆ ಎದ್ದು ನಿಂತವು,
ಮೆಜೆಸ್ಟಿಕ್ಕಿನ ಒಂದೇ ಬಸ್ಸಿಗೆ
ಇಡೀ ನಿಲ್ದಾಣ ಹತ್ತಿದ ಹಾಗೆ.
ಎರಡೂವರೆಗೆ ಪರದೆ ಒಂದೇ ಪದ ಉಗುಳಿತು: ಕಿಲ್ಡ್.
ಅನೆಕ್ಸ್ ಕಟ್ಟಡದ ಮೂರನೇ ಮಹಡಿಯಲ್ಲಿ
ಫ್ಯಾನು ಮಾತ್ರ ತಿರುಗುತ್ತಿತ್ತು.

(ನಾನೂ ಕಂತಿನವಳೇ.
ಹನ್ನೊಂದು ತಿಂಗಳ ಗುತ್ತಿಗೆ, ನವೀಕರಣಕ್ಕೆ ಮೂರು ಸಹಿ.)

ಎರಡನೇ ರಾತ್ರಿ ಸಾವಿರ ಸಾವಿರವಾಗಿ ಕರೆದೆ.
ಮೊದಲ ಸಾವಿರ ಬರಲಿ. ಲೆಕ್ಕ ಹಾಕು,
‘ಸಂದಾಯ’ ಎಂದು ಮುದ್ರೆ ಒತ್ತು.
ಈಗ ಸಾವಿರ ಬಿಟ್ಟು ಮುಂದಿನ ಸಾವಿರ.
ಈಗ ಎರಡು ಸಾವಿರ ಬಿಟ್ಟು.
ಈಗ ಮೂರು.
ಹತ್ತೇ ಕಂತಿಗೆ ಮುಗಿಯಿತು.
ಇಷ್ಟು ಬೇಗ, ಅಂದುಕೊಂಡೆ ಅಷ್ಟೆ.
ಕೆಂಪು ಅಕ್ಷರ ಒಂದೂ ಇರಲಿಲ್ಲವಲ್ಲ,
ಬೆಳಗಾಗುತ್ತಲೇ ಎದುರಿನ ಗಾಡಿಯಲ್ಲಿ
ಬೈ ಟೂ ಕಾಫಿ ಹೇಳಿ ಎರಡೂ ಲೋಟ ನಾನೇ ಕುಡಿದೆ.

ಹನ್ನೆರಡನೇ ದಿನ ಓಬುಳಮ್ಮ ಬಂದಳು,
ಹಸಿರು ಕೋಟಿನ ಜೇಬಿಂದ ಪಾಸ್‌ಬುಕ್ಕು ತೆಗೆದಳು.
‘ಕದಿರಮ್ಮಂಗೆ ಬಂತು, ಪೆಂಚಾಲಮ್ಮಂಗೆ ಬಂತು,
ಮೇಸ್ತ್ರಿ ಬಾಮೈದಂಗೂ ಬಂತು.
ನಂಗ್ಯಾಕಿಲ್ಲ ಮೇಡಂ?’
ಸಿಸ್ಟಮ್ಮಲ್ಲಿ ಆಗಿದೆ ಅಂತಿದೆ ನೋಡಿ,
ಅನ್ನಲು ಬಾಯಿ ತೆರೆದೆ. ಹಾಗಂತ ಇರಲಿಲ್ಲ.
ಒಂದು ಸಾವಿರದ ನಾನೂರ ಹದಿನೇಳು: ಬಾಕಿ.
ಮೇಲಿನದು ಬಾಕಿ. ಕೆಳಗಿನದು ಬಾಕಿ.
ಎರಡು ಸಾವಿರದ ಒಂದರಿಂದ ಸಂದಾಯ.

ಸಾಲಿನ ಮುಂದಿದ್ದವರು ಹೊರಟುಹೋದರೆ
ಹಿಂದಿದ್ದವರು ಮುಂದೆ ಸರಿಯುತ್ತಾರೆ,
ರೇಷನ್ ಅಂಗಡಿಯೆದುರು ನಿಂತ ಯಾರಿಗಾದರೂ ಗೊತ್ತು.
ಮುದ್ರೆ ಬಿದ್ದ ಸಾವಿರ ಪಟ್ಟಿಯಿಂದ ಹೊರನಡೆದಿತ್ತು,
ಓಬುಳಮ್ಮನ ಸಾವಿರ ಬಾಗಿಲಿಗೆ ಸರಿದು ನಿಂತಿತ್ತು,
ನಾನು ಒಳಗಿಂದ ಕೂಗಿದ್ದೆ:
ಸಾವಿರ ಬಿಟ್ಟು.
ಪ್ರತಿ ಸಲವೂ ಹಾಗೇ.
ಒಂಬತ್ತು ಸಾವಿರ ಜನ.
ಎಲ್ಲೂ ಒಂದು ಎರರ್ ಇಲ್ಲ.

ಅವಳು ಬೆಂಚಿನ ತುದಿಗೆ ಕೂತು ಕಾಲು ನೀವಿಕೊಂಡಳು.
‘ಹೊಂಗೆ ಹೂ ಉದುರೋ ತಿಂಗಳು ಕಣಮ್ಮ,
ಗುಡಿಸ್ತಾ ಹೋದಂಗೆ ಹಿಂದೆ ಮತ್ತೆ ಬೀಳ್ತವೆ.’
ಎಲ್ಲಿತನಕ ಆಯ್ತು ಅಂತ ಹೇಗೆ ಗೊತ್ತಾಗುತ್ತೆ,
ಕೇಳಿದೆ, ಸುಮ್ಮನೆ, ಮುಖ ನೋಡಲಾಗದೆ.
‘ಎಷ್ಟ್ ಮನೆ ಅಂತ ಯಾರು ಎಣಿಸ್ತಾರೆ?
ಕೊನೇ ಗುಡ್ಡೆ ಯಾವ ಗೇಟ್ ಮುಂದೆ ಹಾಕ್ದೆ ಅಂತ ನೋಡ್ಕೊಂಡಿರ್ತೀನಿ,
ಟೀ ಕುಡಿದು ಬಂದು ಅದರ ಮುಂದಿನ ಗೇಟು.
ಬೀದಿನೆಲ್ಲಾ ಒಂದೇ ಗುಡ್ಡೆ ಮಾಡಿದ್ರೆ ಎತ್ತೋರ್ಯಾರು?
ಒಂದು ಮನೆ ಬಿಟ್ರೂ ಮೇಸ್ತ್ರಿಗೆ ಫೋನು.’

ಒಂಬತ್ತು ಸಾವಿರ ಬಿಟ್ಟವಳಿಗೆ
ಯಾವ ಫೋನೂ ಬಂದಿರಲಿಲ್ಲ.

ಮೂರನೇ ರಾತ್ರಿ ‘ಬಿಟ್ಟು’ ಎಂಬ ಪದ ಅಳಿಸಿದೆ.
ಕೊನೆಗೆ ಕಂಡ ಸಂಖ್ಯೆ ಯಾವುದು?
ಅದಕ್ಕಿಂತ ದೊಡ್ಡವು, ಏರುವ ಕ್ರಮದಲ್ಲಿ, ಸಾವಿರ ಬರಲಿ.
ಆಮೇಲೆ ಸೆಷನ್ ಬರಿದು ಮಾಡು,
ಇಲ್ಲದಿದ್ದರೆ ಈ ಓಆರ್‌ಎಂ
ಮುಟ್ಟಿದವರನ್ನೆಲ್ಲ ಮಡಿಲಲ್ಲಿಟ್ಟುಕೊಂಡು ಕೂರುತ್ತದೆ,
ಮತ್ತೆ ಎರಡೂವರೆಗೆ ಉಸಿರು ಕಟ್ಟುತ್ತದೆ.
ಮೊದಲ ಕಂತಿನಲ್ಲೇ ಅವಳಿದ್ದಳು.
ಸಂದಾಯವಾಯಿತು. ಸೆಷನ್ ಅವಳನ್ನು ಮರೆಯಿತು.
ಚೀಟಿಯ ಹಿಂಬದಿಗೆ ನಾನು
ಪೆನ್ನಿನಲ್ಲಿ ಬರೆದುಕೊಂಡಿದ್ದೆ: ೧೪೧೭.

ಐದೂಮುಕ್ಕಾಲಿಗೆ ಕೇಳಿದೆ, ಬಾಕಿ ಎಷ್ಟು?
ಸೊನ್ನೆ.
ನಂಬದೆ ಇನ್ನೊಂದು ಸಲ ಕೇಳಿದೆ.
ಕಾಫಿಗೆ ಹೋಗಲಿಲ್ಲ.

ವಾರ ಕಳೆದು ಮತ್ತೆ ಬಂದಳು.
ಕೈ ಮುಗಿಯಲಿಲ್ಲ, ಹಣ್ಣು ತರಲಿಲ್ಲ,
ಪಾಸ್‌ಬುಕ್ಕು ಮೇಜಿನ ಮೇಲೆ ಬಿಡಿಸಿಟ್ಟಳು.
‘ಬಂತು. ಆದ್ರೆ ಮಾರ್ಚಲ್ಲಿ ಮೂರು ದಿನ ಕಟ್ ಮಾಡಿದೀರಿ.
ಬಂದಿದ್ದೆ ನಾನು.’

ಕೂತುಕೊಳ್ಳಿ, ಅಂದೆ.
ಹಾಜರಿ ಟೇಬಲ್ಲು, ಹತ್ತಿರ ಹತ್ತಿರ ಎರಡು ಕೋಟಿ ಸಾಲು.
ಯಾವ ತಾರೀಕು, ಹೇಳಿ.