ಮೊಣಕೈಯಿಂದ ತೋರುಬೆರಳಿಗೆ

ಜನವರಿಯ ಆ ರಾತ್ರಿ ಯಾರೋ ನನ್ನ ಬಾಗಿಲ ಹಿಡಿಕೆ ತಿರುಗಿಸಿದರು.
ಎರಡು ಸಲ. ಆಮೇಲೆ ಸುಮ್ಮನೆ ನಿಂತರು.
ನಾನು ಒಳಗೆ, ಅಡುಗೆಮನೆಯ ನೆಲದ ಮೇಲೆ ಕೂತು
ಬ್ರೆಡ್ ಕೊಯ್ಯುವ ಚಾಕು ಹಿಡಿದು
ಶೆರಿಫ್ ಕಚೇರಿಯ ಹೆಂಗಸಿಗೆ ಫೋನಿನಲ್ಲಿ ಪಿಸುಗುಟ್ಟಿದೆ.
ನಲವತ್ತು ನಿಮಿಷ, ಅಂದಳು. ಹಿಮ ಬಿದ್ದಿದೆ, ಐವತ್ತಾದೀತು.
ಅವರು ಬರುವ ಹೊತ್ತಿಗೆ ಹೊಸ್ತಿಲಲ್ಲಿ
ಒಂದು ಹೆಜ್ಜೆಗುರುತೂ ಉಳಿದಿರಲಿಲ್ಲ,
ಡಕೋಟಾದ ಗಾಳಿ ಗುಡಿಸಿ ಹಾಕಿತ್ತು.

ಮಾರ್ಚಿನಲ್ಲಿ, ಮೈನಾಟ್‌ಗೆ ಹೋಗುವ ದಾರಿಯಲ್ಲಿ
ಥರ್ಮನ್ ಲೋಕೆನ್‌ನ ಅಂಗಡಿ ಹೊಕ್ಕೆ.
ಒಂದು ಗೋಡೆಗೆ ಮೀನಿನ ಗಾಳ, ಇನ್ನೊಂದಕ್ಕೆ ಬಂದೂಕು.
‘ನನಗೊಂದು ಶಾಟ್‌ಗನ್ ಬೇಕು’ ಅನ್ನುವಾಗ
ಒಳಉಡುಪಿನ ಅಳತೆ ಹೇಳುವಷ್ಟು ನಾಚಿಕೆಯಾಯಿತು,
ಐವತ್ತೆಂಟರ ವಯಸ್ಸಿನಲ್ಲಿ.

‘ಮೊಣಕೈ ಮಡಿಸು, ಆರ್ಲಿಸ್’ ಅಂದ.
ದರ್ಜಿಯ ಹಾಗೆ ಟೇಪು ಹಿಡಿದ:
ಮಡಿಕೆಯಿಂದ ತೋರುಬೆರಳ ಗೆಣ್ಣಿನವರೆಗೆ
ಹದಿಮೂರು ಇಂಚಿಗೆ ಕೂದಲೆಳೆ ಕಡಿಮೆ.
‘ಗೋಡೆಯ ಮೇಲಿರುವುದೆಲ್ಲ ನನ್ನಂಥವರ ತೋಳಿಗೆ ಕಡೆದದ್ದು.
ಮರದ ಹಿಡಿ ಉದ್ದವಾದರೆ ಕೆನ್ನೆಗೆ ಬಾರಿಸುತ್ತದೆ,
ಆಮೇಲೆ ನೀನದನ್ನು ಮುಟ್ಟುವುದಿಲ್ಲ.’

ಹನ್ನೆರಡನೇ ನಂಬರಿನದು, ಇಪ್ಪತ್ತನೆಯದು.
ಇಪ್ಪತ್ತೇ ಸಣ್ಣದಂತೆ. ಇದ್ಯಾವ ಲೆಕ್ಕ?
ಒಂದು ಪೌಂಡು ಸೀಸದಲ್ಲಿ ಹನ್ನೆರಡು ಉಂಡೆ ಕಟ್ಟಿದರೆ
ಒಂದರ ದಪ್ಪ ಇಷ್ಟು, ಇಪ್ಪತ್ತು ಕಟ್ಟಿದರೆ ಇಷ್ಟೇ.
ಚರ್ಚಿನ ಊಟಕ್ಕೆ ಜನ ಹೆಚ್ಚಾದ ಹಾಗೆಲ್ಲ
ನಾನು ಒಯ್ದ ಪೈಯ ತುಂಡು ಕಿರಿದಾಗುವುದಿಲ್ಲವೇ,
ತಟ್ಟನೆ ಅರ್ಥವಾಯಿತು.

ಗಾಳದ ದಾರ ನೋಡುತ್ತಿದ್ದ ಗಿರಾಕಿಯೊಬ್ಬ ಬಾಯಿ ಹಾಕಿದ:
‘ಪಂಪಿನದೇ ತಗೋ. ಹಿಂದೆ ಮುಂದೆ ಒಮ್ಮೆ ಎಳೆದರೆ ಸಾಕು,
ಆ ಕಟಕ್ ಸದ್ದಿಗೇ ಕಳ್ಳ ಪರಾರಿ.’
ಥರ್ಮನ್ ಕನ್ನಡಕ ಒರೆಸಿದ.
‘ಸದ್ದಿಗೆ ಓಡುವವನು ದೀಪಕ್ಕೂ ಓಡುತ್ತಾನೆ, ಹಾರ್ಲನ್.’
ನನ್ನತ್ತ ತಿರುಗಿ: ‘ಮೊದಲು ಒಂದು ಒಳ್ಳೆ ಟಾರ್ಚು ಕೊಳ್ಳು.
ಮುಖ ಕಾಣುವ ತನಕ
ಬೆರಳು ಕುದುರೆಯ ಹತ್ತಿರ ಸುಳಿಯಬಾರದು.’

ಅಳೆದೂ ಸುರಿದೂ ಕೊನೆಗೆ ಇಪ್ಪತ್ತರದ್ದನ್ನೇ ಆರಿಸಿದೆ,
ಪಂಪಿನದೇ, ಜೊತೆಗೆ ಎರಡು ನಳಿಗೆ:
ಗಿಡ್ಡದು ಮನೆಗೆ, ಉದ್ದದ್ದು ಮೈದಾನಕ್ಕೆ.
ಬೀಗದ ಪೆಟ್ಟಿಗೆಗೆ ಬೇರೆ ದುಡ್ಡು.
ಶಾಲಾಬಸ್ಸು ಓಡಿಸಿದ ಎರಡು ವಾರದ ಸಂಬಳ.

ಭಯಕ್ಕೆ ಕೊಂಡದ್ದು ಯಾವಾಗ ಚಟವಾಯಿತೋ.
ಶನಿವಾರ ಬಂತೆಂದರೆ ಜಲ್ಲಿ ರಸ್ತೆಯಾಚೆ
ಗೋಧಿ ಹೊಲದಂಚಿನ ರೇಂಜು.
‘ಪುಲ್’ ಎಂದು ಕೂಗಿದರೆ ಕಿತ್ತಳೆ ಬಣ್ಣದ ಬಿಲ್ಲೆ
ಬೆದರಿದ ಕೌಜುಗದಂತೆ ಚಿಮ್ಮುತ್ತದೆ.
ಮೊದಲ ದಿನ ಇಪ್ಪತ್ತೈದಕ್ಕೆ ಮೂರು.
ಹೆಗಲಲ್ಲಿ ನೇರಳೆ ಹಣ್ಣಿನ ಕಲೆ, ವಾರವಿಡೀ.
ಮೇ ಕೊನೆಗೆ ಹದಿನಾಲ್ಕು.
ಒಡೆದಾಗ ಗಾಳಿಯಲ್ಲಿ ಅರಳುವ ಆ ಕಪ್ಪು ಧೂಳು
ಎಷ್ಟು ಚೆಂದವೆಂದು ಯಾರಿಗೂ ಹೇಳಲಿಲ್ಲ.

ಬಿಲ್ಲೆಯ ಯಂತ್ರದ ಗುಂಡಿ ಒತ್ತಲು
ಹತ್ತೊಂಬತ್ತರ ಹುಡುಗ, ಎಮೆಟ್.
ಎಂಟು ವರ್ಷ ನನ್ನ ಬಸ್ಸಿನ ಮೂರನೇ ಸೀಟು,
ದಿನಾ ಕೈಗವಸು ಮರೆಯುತ್ತಿದ್ದವನು.
ಅಂದು ಖಾಲಿ ತೋಟಾ ಹೆಕ್ಕುತ್ತ, ತಲೆ ಎತ್ತದೆ, ಹೇಳಿದ:
‘ಜನವರಿಯಲ್ಲಿ ನನ್ನ ಗಾಡಿ ಚರಂಡಿಗೆ ಜಾರಿತ್ತು. ಫೋನೂ ಸತ್ತಿತ್ತು.
ಈ ಕಡೆ ಯಾರೂ ಬೀಗ ಹಾಕಲ್ಲವಲ್ಲ ಅಂತ...
ಸ್ವಲ್ಪ ಕುಡಿದಿದ್ದೆ. ಕೂಗೋಕೆ ನಾಚಿಕೆಯಾಯ್ತು.
ನಡೆದೇ ಹೋದೆ.’
ಅವನ ಎಡಗೈಯ ಎರಡು ಬೆರಳ ತುದಿ
ಮೇಣದಂತೆ ಬಿಳಿ.

ಏನೂ ಅನ್ನಲಾಗಲಿಲ್ಲ.
ಬಂದೂಕು ಖಾಲಿಯಿತ್ತು, ಗೂಡು ತೆರೆದೇ ಇತ್ತು.
ಆದರೂ ಕಿರುಬೆರಳು ಹಾಕಿ ತಡವಿದೆ,
ಖಾಲಿಯೇ ತಾನೇ ಎಂದು.

ಮನೆಗೆ ಬಂದು ಟಾರ್ಚಿನ ಸೆಲ್ಲು ಬದಲಿಸಿದೆ.
ಹೊರಗಿನ ದೀಪ ಆರಿಸಲಿಲ್ಲ.
ಬಾಗಿಲಿಗೆ ಬೀಗ ಹಾಕಿದೆ, ತೆಗೆದೆ,
ಮತ್ತೆ ಹಾಕಿದೆ.