ಹಿಂಬದಿ

ರತ್ನಗಂಬಳಿ ನೋಡುವವರಲ್ಲಿ ಎರಡು ಬಗೆ:
ಮೇಲೆ ನಿಂತು ಹೂವು ಮೆಚ್ಚುವವರು,
ಮೂಲೆ ಹಿಡಿದು ಮಗುಚುವವರು.
ಕಿಣಿಯವರು ಮಗುಚುವ ಪೈಕಿ.
ಹೊಸ್ತಿಲಲ್ಲೇ ಬೂಟು ಬಿಚ್ಚಿದರು.
ಆಂಡರ್ಸನ್‌ಪೇಟೆಯ ಈ ಹಳೇ ಸಾಮಾನಿನ ಅಂಗಡಿಗೆ
ಹಾಗೆ ಬಂದವರು ಇನ್ನೊಬ್ಬರಿಲ್ಲ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ.
ಹೊಸ ಮಾಲು ತಂದು ಹಳತು ಮಾಡುತ್ತೇನೆ.
ಚಹಾ ಡಿಕಾಕ್ಷನ್ನಿನಲ್ಲಿ ಒಂದು ರಾತ್ರಿ,
ತಾರಸಿಯ ಮೇಲೆ ಹದಿನೈದು ಬಿಸಿಲು,
ಆಮೇಲೆ ಲಾರಿ ಸ್ಟ್ಯಾಂಡಿನ ಎದುರು ಹಾಸಿ
ಹೋಗಿಬರುವವರ ಕಾಲಿಗೆ ಒಪ್ಪಿಸುತ್ತೇನೆ.
ಎಪ್ಪತ್ತು ವರ್ಷ ಒಂದೇ ತಿಂಗಳಲ್ಲಿ ಬಂದುಬಿಡುತ್ತದೆ.
ಬೆಂಗಳೂರಿನ ನಡುಮನೆಗಳಲ್ಲಿ, ಗಾಜಿನ ಟೀಪಾಯಿಗಳ ಕೆಳಗೆ
ನನ್ನ ಚಹಾ ಕುಡಿದ ಪರ್ಷಿಯಾಗಳು ಎಷ್ಟೋ.
ನಾಚಿಕೆ ಏನಿಲ್ಲ.

ಇದು ಮಾತ್ರ ಹಾಗಲ್ಲ.
ಗಣಿ ಬಂಗಲೆಗೆ ಬೀಗ ಬಿದ್ದ ಮೇಲೆ
ಹರಾಜಿನಲ್ಲಿ ಬಂದದ್ದು,
ಮುರುಕು ಪಿಯಾನೋ ಸ್ಟೂಲಿನ ಜೊತೆ ಬಿಟ್ಟಿ ಎಂಬಂತೆ.
ಮೊದಲ ಸಲ ಬಡಿದಾಗ
ಸೈನೈಡ್ ಗುಡ್ಡದ ಬೂದು ಧೂಳು
ಗಂಟಲು ತನಕ ಎದ್ದಿತು.
"ಅದ್ರಾಗೆ ಇನ್ನೂ ಚಿನ್ನ ಐತಣ್ಣ"
ಪಕ್ಕದ ಸೈಕಲ್ ಶಾಪಿನ ಏಳುಮಲೈ ನಕ್ಕ.
ಗುಡಿಸಿದೆ, ಬಿಸಾಕಲಿಲ್ಲ.
ಹಾರ್ಲಿಕ್ಸ್ ಬಾಟಲಿಯಲ್ಲಿ ಇದೆ.

ಕನ್ನಡಕದ ಮೇಲೊಂದು ಭೂತಗನ್ನಡಿ.
ಬೆರಳಗಲಕ್ಕೆ ಹನ್ನೊಂದು ಗಂಟು ಎಣಿಸಿ
"ಕಾಶಾನ್" ಎಂದರು ಕಿಣಿಯವರು,
ಮಲಗಿದ ಮಗುವನ್ನು ಕರೆದಷ್ಟು ಮೆತ್ತಗೆ.
ದಾಳಿಂಬೆ ಸಿಪ್ಪೆಯ ಹಳದಿ, ಮಂಜಿಷ್ಠದ ಕೆಂಪು,
ಒಂದೊಂದಕ್ಕೂ ತಲೆದೂಗುತ್ತ
ಎಡಮೂಲೆಗೆ ಬಂದು ನಿಂತರು.
"ಇದು ಯಾರ ಕೈ?"

ಅಂಗೈ ಅಗಲ. ಕರಿ ಉಣ್ಣೆ.
ಮುಂದಿನಿಂದ ಬಳ್ಳಿಯ ನೆರಳು, ಅಷ್ಟೇ.
ಹಿಂದಿನಿಂದ
ಅಚ್ಚುಕಟ್ಟಾದ ಬೀದಿಗೆ ಕುರಿಮಂದೆ ನುಗ್ಗಿದ ಹಾಗೆ.

ನಮ್ಮಮ್ಮ ಚಿಕ್ಕಬೀರಮ್ಮ,
ಬೇತಮಂಗಲದ ಕಡೆಯವಳು,
ಕದಿರು ತಿರುಗಿಸುತ್ತಲೇ ನಡೆಯಲು ಕಲಿತವಳು,
ಆ ಬಂಗಲೆಯಲ್ಲಿ ನೆಲ ಒರೆಸುತ್ತಿದ್ದಳು.
ಸಾಹೇಬರು ಊಟಿಗೆ ಹೋಗಿದ್ದ ವಾರ
ಅವರ ನಾಯಿ ಮೂಲೆ ಕಡಿದು ಹಾಕಿತು.
ನಾಯಿಗೆ ಯಾರು ಏನನ್ನುತ್ತಾರೆ?
ಬಟ್ಲರ್ ಅಂತೋಣಿಯ ಕಣ್ಣು ತಪ್ಪಿಸಿ, ಎರಡು ರಾತ್ರಿ,
ತಾನು ಹೊದೆಯುವ ಕಂಬಳಿಯ ಅಂಚು ಬಿಚ್ಚಿ,
ಎಳೆಗೆ ಹುಣಸೆಬೀಜದ ಸರಿ ತೀಡಿ,
ದಬ್ಬಳದಲ್ಲಿ ತುಂಬಿದಳು.
ಆ ಗಂಟು ಅವಳಿಗೆ ಬರುತ್ತಿರಲಿಲ್ಲ.
ಬಂದ ಗಂಟು ಹಾಕಿದಳು.
ಸಾಯುವ ತನಕ ಅದು ಅವಳ ಬಾಯಲ್ಲಿ ದೊರೆಕಂಬಳಿ.
"ಒಬ್ರಿಗೂ ಕಾಣ್ಲಿಲ್ಲ ಕಣೋ"
ಅದೊಂದೇ ಅವಳ ಬಡಾಯಿ.

"ಗೊತ್ತಿಲ್ಲ ಸಾರ್" ಅಂದೆ.
ಬೆಲೆಯಲ್ಲಿ ನಲವತ್ತು ಸಾವಿರ ಇಳಿಯಿತು.
"ಜೈಪುರದಲ್ಲಿ ಬಿಚ್ಚಿಸಿ ಸರಿಯಾದ ಉಣ್ಣೆ ಹಾಕಿಸುತ್ತೇನೆ"
ಎಂದರು, ನೋಯಿಸಬಾರದೆಂಬ ದನಿಯಲ್ಲಿ.
ತಪ್ಪೇನಿಲ್ಲ, ಅವರ ಕಣ್ಣಿಗೆ ಅದು ಗಾಯ.
ನನಗೆ ಏಳು ತಿಂಗಳ ಬಾಡಿಗೆ ಬಾಕಿ.
ಸುತ್ತಿ, ನಡುನಡುವೆ ಬೇವಿನ ಸೊಪ್ಪು ಇಟ್ಟು,
ಹಗ್ಗ ಬಿಗಿಯುವಾಗ ಬಾಯಿಗೆ ಬಂತು:
"ಬಿಚ್ಚಿದ್ದನ್ನ ಎಸೀಬೇಡಿ ಸಾರ್, ಕಳಿಸಿ."
ಯಾಕೆ ಎನ್ನಲಿಲ್ಲ ಅವರು.
ಬೂಟಿನ ದಾರ ಕಟ್ಟುತ್ತ ಒಂದು ಗಳಿಗೆ
ನನ್ನನ್ನೇ ಮಗುಚಿ ನೋಡಿದರು.

ಮಳೆಗಾಲ ಕಳೆದ ಮೇಲೆ ಕೊರಿಯರ್ ಬಂತು.
ಅಕ್ಕಸಾಲಿಯ ತಕ್ಕಡಿಯಲ್ಲಿ ಇಟ್ಟೆವು
(ಈ ಊರಲ್ಲಿ ಚಿನ್ನ ಮುಗಿದಿದೆ, ತಕ್ಕಡಿ ಮುಗಿದಿಲ್ಲ).
ಹದಿನೇಳು ಗ್ರಾಂ.
ಗಂಟು ಹೋಗಿದೆ, ಗಂಟಿನ ಬಾಗು ಹೋಗಿಲ್ಲ.
ಎಳೆದರೆ ನೆಟ್ಟಗಾಗಿ
ಬಿಟ್ಟೊಡನೆ ಮುದುರಿಕೊಳ್ಳುತ್ತದೆ.

ಹಂಡೆಯಲ್ಲಿ ಡಿಕಾಕ್ಷನ್ ಕುದಿಯುತ್ತಿತ್ತು,
ಹೊಸ ಮಾಲೊಂದು ಹಳತಾಗಲು ಕಾದಿತ್ತು.
ಅವತ್ತು ಎರಡು ಲೋಟ ಅದರಿಂದಲೇ ಬಸಿದು
ಹಾಲು ಹಾಕಿ, ನಾನೂ ಏಳುಮಲೈಯೂ ಕುಡಿದೆವು.
ವಿಪರೀತ ಒಗರು.